ಗ್ರಂಥಾಲಯ ಪ್ರಶ್ನೋತ್ತರ: ಕೆ.ಜಿ.ಎಫ್. ಎಂದು ಹೊಡೆದರೆ ಪುಸ್ತಕ ಬರುವುದಿಲ್ಲ

ಪ್ರಶ್ನೆ: ನಾನು ಇತಿಹಾಸ ಎಂ.ಎ. ವಿದ್ಯಾರ್ಥಿನಿ. ಕೋಲಾರ ಚಿನ್ನದ ಗಣಿ ಕಾರ್ಮಿಕರ ಬದುಕಿನ ಮೇಲೆ ಕಿರುಪ್ರಬಂಧ ಬರೆಯಬೇಕು. ಲೈಬ್ರರಿಯ ಕಂಪ್ಯೂಟರಿನಲ್ಲಿ ಕೆ.ಜಿ.ಎಫ್. ಎಂದು ಹೊಡೆದರೆ ಬಂದದ್ದು ಎರಡೇ ಪುಸ್ತಕ, ಎರಡೂ ಭೂವಿಜ್ಞಾನದವು. ಗೂಗಲ್ ತುಂಬ ಸಿನಿಮಾ ಸುದ್ದಿ. ಈ ವಿಷಯದಲ್ಲಿ ಪುಸ್ತಕವೇ ಇಲ್ಲವೆಂದು ಗೈಡ್‌ಗೆ ಹೇಳಿಬಿಡಲೇ?
— ವಿದ್ಯಾರ್ಥಿನಿ, ಬಂಗಾರಪೇಟೆ

ಉತ್ತರ: ಹೇಳಬೇಡಿ ತಾಯಿ. ಗೈಡ್ ನಂಬಿಬಿಟ್ಟರೆ ವಿಷಯವನ್ನೇ ಬದಲಾಯಿಸಿ ಎಂದಾರು. ಪುಸ್ತಕಗಳಿವೆ, ಆದರೆ ನೀವು ಹೊಡೆದ ಮೂರಕ್ಷರ ಅವುಗಳ ಮುಖಪುಟದಲ್ಲಿ ಇಲ್ಲ. ಜಾನಕಿ ನಾಯರ್ ಅವರ 1998ರ ಪುಸ್ತಕವನ್ನೇ ತೆಗೆದುಕೊಳ್ಳಿ. ಅರ್ಧ ಪುಸ್ತಕ ನಿಮ್ಮ ಗಣಿಯವರದು, ಇನ್ನರ್ಧ ಬೆಂಗಳೂರಿನ ಗಿರಣಿ ಕೆಲಸಗಾರರದು. ಹೆಸರು ಮಾತ್ರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’. ಅದರಲ್ಲಿ ಕೋಲಾರವೂ ಇಲ್ಲ, ಚಿನ್ನವೂ ಇಲ್ಲ. ಉಪಶೀರ್ಷಿಕೆಯಲ್ಲಿ ಇರುವುದು ಮೈಸೂರು.

ಹೆಸರನ್ನು ನಂಬಿ ಕೂತರೆ ಹೀಗೇ ಆಗುತ್ತದೆಂದು ಗ್ರಂಥಪಾಲಕರು ಪ್ರತಿ ಪುಸ್ತಕಕ್ಕೂ ವಿಷಯ ಶೀರ್ಷಿಕೆ, ಅಂದರೆ ಪುಸ್ತಕ ಯಾವುದರ ಬಗ್ಗೆ ಎಂದು ಹೇಳುವ ಗೊತ್ತುಪಡಿಸಿದ ಪದ, ಕೊಡುತ್ತಾರೆ. ಲೇಖಕರು ಏನೇ ಹೆಸರಿಡಲಿ, ಒಂದು ವಿಷಯಕ್ಕೆ ಒಂದೇ ಶೀರ್ಷಿಕೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚು ಓಡುವುದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಪಟ್ಟಿ. ಅದರಲ್ಲಿ ನಿಮ್ಮ ವಿಷಯ ‘ಗೋಲ್ಡ್ ಮೈನ್ಸ್ ಅಂಡ್ ಮೈನಿಂಗ್’. ಜನರ ಬಗ್ಗೆ ಬೇಕಾದರೆ ‘ಗೋಲ್ಡ್ ಮೈನರ್ಸ್’. ಅದರ ಮುಂದೆ ಎರಡು ಅಡ್ಡಗೆರೆ ಹಾಕಿ ‘ಸೋಶಿಯಲ್ ಕಂಡಿಷನ್ಸ್’, ‘ಹಿಸ್ಟರಿ’ ಎಂದೆಲ್ಲ ಸೇರಿಸಿರುತ್ತಾರೆ. ಮುಷ್ಕರಗಳು ‘ಸ್ಟ್ರೈಕ್ಸ್ ಅಂಡ್ ಲಾಕೌಟ್ಸ್’ ಕೆಳಗೆ ಸಿಗುತ್ತವೆ. ಕಾರ್ಮಿಕರ ಬೆರಳ ಗುರುತು ಪಡೆಯುವ ಪದ್ಧತಿಯ ವಿರುದ್ಧ 1930ರಲ್ಲಿ ಗಣಿಯವರು ಹೂಡಿದ ಮುಷ್ಕರ ನಿಮ್ಮ ಪ್ರಬಂಧದಲ್ಲಿ ಬಂದೇ ಬರಬೇಕು, ಅದಕ್ಕೆ ಈ ದಾರಿ. ಶ್ವಾಸಕೋಶದ ದೂಳಿನ ಕಾಯಿಲೆಗೆ ‘ಸಿಲಿಕೋಸಿಸ್’ ನೋಡಿ.

ಇದನ್ನೆಲ್ಲ ಬಾಯಿಪಾಠ ಮಾಡಬೇಕಿಲ್ಲ. ಈಗ ಹೇಳಿದ ಪುಸ್ತಕವನ್ನು ಲೇಖಕರ ಹೆಸರಿನಿಂದ ಹುಡುಕಿ, ಅದರ ಪೂರ್ತಿ ವಿವರದ ಪುಟ ತೆರೆಯಿರಿ. ಕೆಳಗೆ ‘ಸಬ್ಜೆಕ್ಟ್ಸ್’ ಎಂಬ ಸಾಲಿನಲ್ಲಿ ನೀಲಿ ಅಕ್ಷರದ ಕೊಂಡಿಗಳಿರುತ್ತವೆ. ಒಂದನ್ನು ಒತ್ತಿದರೆ ಅದೇ ಶೀರ್ಷಿಕೆಯ ಉಳಿದ ಪುಸ್ತಕಗಳೆಲ್ಲ ಸಾಲಾಗಿ ಬರುತ್ತವೆ. ಸಾಲು ಕಾಣದಿದ್ದರೆ ‘ಮಾರ್ಕ್ ವ್ಯೂ’ (ಗ್ರಂಥಪಾಲಕರು ಸಂಖ್ಯೆವಾರು ತುಂಬಿದ ಮೂಲ ದಾಖಲೆ) ಒತ್ತಿ, 650 ಎಂಬ ಸಂಖ್ಯೆಯ ಮುಂದೆ ಏನಿದೆ ನೋಡಿ. 651ರಲ್ಲಿ ಊರು, ನಾಡಿನ ಹೆಸರು ಇರುತ್ತದೆ. 650 ಖಾಲಿಯಿದ್ದರೆ ತಪ್ಪು ನಿಮ್ಮದಲ್ಲ. ಹಾಗೆ ಖಾಲಿ ಬಿಟ್ಟು ಪುಸ್ತಕವನ್ನು ಕಪಾಟಿಗೆ ಕಳಿಸುವ ನನ್ನ ವೃತ್ತಿಬಾಂಧವರ ಮೇಲೆ ನಿವೃತ್ತಿಯ ನಂತರವೂ ನನಗೆ ಸಿಟ್ಟು ಇಳಿದಿಲ್ಲ.

ಊರಿನ ವಿಚಾರದಲ್ಲಿ ಒಂದು ಮೋಸವಿದೆ, ಬಹಳ ಮಂದಿ ಅಲ್ಲೇ ಎಡವುತ್ತಾರೆ. ಈ ಪಟ್ಟಿಯಲ್ಲಿ ಭಾರತದ ಊರುಗಳು ರಾಜ್ಯದ ಕೆಳಗೆ ಬರುವುದಿಲ್ಲ, ನೇರವಾಗಿ ದೇಶದ ಕೆಳಗೆ ಬರುತ್ತವೆ. ‘ಇಂಡಿಯಾ, ಕರ್ನಾಟಕ’ ಒಂದು ಸಾಲು, ‘ಇಂಡಿಯಾ, ಬೆಂಗಳೂರು’ ಇನ್ನೊಂದು. ಕರ್ನಾಟಕವನ್ನು ಮಾತ್ರ ಒತ್ತಿ ಎದ್ದುಬಂದರೆ ಕೋಲಾರದ ಪುಸ್ತಕ ಅಲ್ಲೇ ಉಳಿಯುತ್ತದೆ. ಇನ್ನು 1973ರ ನವೆಂಬರ್ 1ರವರೆಗೆ ನಮ್ಮ ರಾಜ್ಯದ ಹೆಸರು ಮೈಸೂರು. ಹಳೆಯ ಕಾರ್ಡುಗಳಿಂದ ಹಾಗೇ ಕಂಪ್ಯೂಟರಿಗೆ ಏರಿಸಿದ ಕಡೆ ಇವತ್ತಿಗೂ ಮೈಸೂರೇ ಇದೆ. ಎರಡನ್ನೂ ನೋಡಿ.

ಮತ್ತೊಂದು ಮಾತು. ಪುಸ್ತಕದಲ್ಲಿ ಒಂದು ವಿಷಯ ಕನಿಷ್ಠ ಶೇ. 20 ಇದ್ದರೆ ಮಾತ್ರ ಅದಕ್ಕೆ ಶೀರ್ಷಿಕೆ ಕೊಡಬೇಕೆಂಬುದು ಲೈಬ್ರರಿ ಆಫ್ ಕಾಂಗ್ರೆಸ್ಸಿನ ನಿಯಮ. ಹಾಗಾಗಿ ಮೈಸೂರು ಸಂಸ್ಥಾನದ ಆರ್ಥಿಕ ಚರಿತ್ರೆಯಲ್ಲಿ ಗಣಿಯ ಮೇಲೊಂದು ಅಧ್ಯಾಯವಿದ್ದರೂ ಶೀರ್ಷಿಕೆಯಿಂದ ಅದು ಸಿಗುವುದಿಲ್ಲ. ಗಣಿ ನಡೆಸಿದ ಬ್ರಿಟನ್ನಿನ ಜಾನ್ ಟೇಲರ್ ಕಂಪನಿ 1880ರಲ್ಲಿ ಬಂದದ್ದು, 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ಕರೆಂಟ್ ಹರಿದದ್ದು ಇಂಥ ಅಧ್ಯಾಯಗಳಲ್ಲೇ ಅಡಗಿರುತ್ತವೆ. ಒಂದು ಮೆಟ್ಟಿಲು ಮೇಲೆ ಹತ್ತಿ ‘ಇಕನಾಮಿಕ್ ಕಂಡಿಷನ್ಸ್’, ‘ವರ್ಕಿಂಗ್ ಕ್ಲಾಸ್’ ನೋಡಿ, ಪುಸ್ತಕ ಕೈಗೆ ತೆಗೆದುಕೊಂಡು ಹಿಂಬದಿಯ ಪದಸೂಚಿ ತಿರುವಿ ಹಾಕಿ. ಇದಕ್ಕೆ ಅಡ್ಡದಾರಿ ಇಲ್ಲ.

ಕಪಾಟಿನ ಮುಂದೆ ನಿಂತು ಹುಡುಕುತ್ತೇನೆ ಎನ್ನುವುದಾದರೆ ಕಾಲು ಗಟ್ಟಿಯಿರಬೇಕು. ಪುಸ್ತಕಗಳನ್ನು ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಚಿನ್ನದ ಭೂವಿಜ್ಞಾನ 553.41, ಗಣಿ ತೋಡುವ ತಂತ್ರ 622.3422, ಅದರ ಅರ್ಥಶಾಸ್ತ್ರ 338.2741, ಕರ್ನಾಟಕದ ಇತಿಹಾಸ 954.87. ನಿಮಗೆ ಸಿಕ್ಕ ಎರಡು ಪುಸ್ತಕ ಮೊದಲನೆಯ ಕಪಾಟಿನವು. ನಿಮ್ಮ ಕಾರ್ಮಿಕರು ಮಿಕ್ಕ ಕಪಾಟುಗಳಲ್ಲಿ ಹಂಚಿಹೋಗಿದ್ದಾರೆ.

ಪ್ರಶ್ನೆ: ಕನ್ನಡ ಪುಸ್ತಕಗಳಿಗೂ ಈ ವಿಷಯ ಶೀರ್ಷಿಕೆ ಉಪಯೋಗಕ್ಕೆ ಬರುತ್ತದೆಯೇ?
— ಸಂಶೋಧನಾ ವಿದ್ಯಾರ್ಥಿ, ಧಾರವಾಡ

ಉತ್ತರ: ನಮ್ಮ ಲೈಬ್ರರಿಗಳಲ್ಲಿ ಅರ್ಧಂಬರ್ಧ. ಕಥೆಯೋ ವಿಮರ್ಶೆಯೋ ನೋಡದೆ ‘ಕನ್ನಡ ಸಾಹಿತ್ಯ’ ಎಂದು ಬರೆದು ಕೈತೊಳೆದುಕೊಂಡ ದಾಖಲೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಆದರೆ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ 1962ರಿಂದ ದೆಹಲಿಯಲ್ಲಿ ಒಂದು ಕಚೇರಿ ಇದೆ, ಅದರ ಮೂಲಕ ಕನ್ನಡ ಪುಸ್ತಕಗಳೂ ಅಲ್ಲಿಗೆ ಹೋಗುತ್ತವೆ, ಶೀರ್ಷಿಕೆಯನ್ನೂ ಪಡೆಯುತ್ತವೆ. ಅವರ ಕ್ಯಾಟಲಾಗ್ ಅಂತರ್ಜಾಲದಲ್ಲಿ ಪುಕ್ಕಟೆ. ಮೊದಲು ಅಲ್ಲಿ ವಿಷಯದಿಂದ ಹುಡುಕಿ ಪುಸ್ತಕದ ಹೆಸರು ಗುರುತು ಹಾಕಿಕೊಳ್ಳಿ, ಆಮೇಲೆ ನಿಮ್ಮ ಲೈಬ್ರರಿಗೆ ಬನ್ನಿ.

ಅಲ್ಲಿ ಕನ್ನಡ ಹೆಸರುಗಳನ್ನು ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ, ಅದೂ ಅವರದೇ ಕ್ರಮದಲ್ಲಿ. ಮೇಲಿನ ಗೆರೆ, ಕೆಳಗಿನ ಚುಕ್ಕೆಗಳ ಗೊಡವೆ ನಿಮಗೆ ಬೇಡ, ಬಿಟ್ಟೇ ಹೊಡೆಯಿರಿ. ಆದರೆ ಯಕ್ಷಗಾನಕ್ಕೆ ನಾವು ವಾಡಿಕೆಯಲ್ಲಿ ಹಾಕುವ ಎಚ್ ಅಲ್ಲಿಲ್ಲ, ‘ಷ’ಕ್ಕೆ ಎಸ್ ಒಂದೇ. ‘ಚ’ಕ್ಕೂ ಅಷ್ಟೇ, ಬರೀ ಸಿ. ಚರಿತ್ರೆ ಬೇಕಾದರೆ ಸಿ, ಎ, ಆರ್, ಐ, ಟಿ, ಆರ್, ಇ.