41 ಪುಸ್ತಕಗಳ ಲೋಕಕ್ಕೆ ಯಾವ ಬಾಗಿಲಿನಿಂದ ಹೋಗಬೇಕು?

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗಳು ಇಂಗ್ಲಿಷ್ ಲೇಖಕ ಟೆರಿ ಪ್ರ್ಯಾಚೆಟ್ ಅವರ ‘ಡಿಸ್ಕ್‌ವರ್ಲ್ಡ್’ ಎಂಬ ಹಾಸ್ಯಭರಿತ ಮಾಂತ್ರಿಕ ಕಾದಂಬರಿಗಳ ಮಾಲೆಯನ್ನು ಓದಲೇಬೇಕೆಂದು ಒತ್ತಾಯಿಸಿ ಮೊದಲ ಕಾದಂಬರಿಯನ್ನು ತಂದುಕೊಟ್ಟಿದ್ದಾಳೆ. ಅರ್ಧಕ್ಕೆ ಬರುವಷ್ಟರಲ್ಲಿ ನನಗೆ ಬೇಸರವಾಯಿತು. ಇನ್ನೂ 40 ಕಾದಂಬರಿಗಳಿವೆಯಂತೆ. ಎಲ್ಲವನ್ನೂ ಕ್ರಮವಾಗಿಯೇ ಓದಬೇಕೆ?
– ನಿವೃತ್ತ ಶಿಕ್ಷಕಿ, ಸಕಲೇಶಪುರ

ಉತ್ತರ: ಖಂಡಿತ ಬೇಡ. 1983ರಲ್ಲಿ ಬಂದ ಆ ಮೊದಲ ಕಾದಂಬರಿ ‘ದ ಕಲರ್ ಆಫ್ ಮ್ಯಾಜಿಕ್’ ಅಂದಿನ ಇಂಗ್ಲಿಷಿನ ಮಾಂತ್ರಿಕ ಸಾಹಸಕಥೆಗಳ ಅಣಕವಾದ್ದರಿಂದ, ಆ ಮೂಲಗಳ ಒಡನಾಟವಿಲ್ಲದವರಿಗೆ ಅದರ ನಗೆಯಲ್ಲಿ ಅರ್ಧಪಾಲು ದಕ್ಕುವುದೇ ಇಲ್ಲ. ಸಾಲದ್ದಕ್ಕೆ ಕಥೆಯೂ ಅಲ್ಲಿಗೆ ಮುಗಿಯದೆ 1986ರ ‘ದ ಲೈಟ್ ಫೆಂಟಾಸ್ಟಿಕ್’ಗೆ ಮುಂದುವರಿಯುತ್ತದೆ. ಪ್ರ್ಯಾಚೆಟ್ ತಮ್ಮ ನಿಜವಾದ ದನಿಯನ್ನು ಕಂಡುಕೊಂಡದ್ದು ಆಮೇಲೆ ಎಂಬುದು ನನ್ನ ಎಣಿಕೆ.

ಮಳೆ ಬಾರದ ವರ್ಷ ವಿರಾಟಪರ್ವವನ್ನು ಓದಿಸುವವರು ಆದಿಪರ್ವ ಮುಗಿಯಿತೇ ಎಂದು ಗಮಕಿಗಳನ್ನು ಕೇಳುವುದಿಲ್ಲವಷ್ಟೆ. ಈ ಮಾಲೆಯಲ್ಲಿಯೂ ಲೋಕವೊಂದೇ, ಎಳೆಗಳು ಹಲವು: ನಗರದ ಕಾವಲು ಪಡೆಯದೊಂದು, ಮಾಟಗಾತಿಯರದೊಂದು, ಮೃತ್ಯುವಿನದೊಂದು. ಯಾವ ಎಳೆಯನ್ನು ಮೊದಲು ಹಿಡಿದರೂ ಅಡ್ಡಿಯಿಲ್ಲ. ಹಿಡಿದ ಎಳೆಯೊಳಗೆ ಮಾತ್ರ ಕ್ರಮ ತಪ್ಪಿಸಬಾರದು.

ತಾವು 1989ರ ‘ಗಾರ್ಡ್ಸ್! ಗಾರ್ಡ್ಸ್!’ ಕಾದಂಬರಿಯಿಂದ ಆರಂಭಿಸಬೇಕೆಂದು ನನ್ನ ಸಲಹೆ. ಆಂಖ್-ಮಾರ್‌ಪಾರ್ಕ್ ಎಂಬ ಕೊಳಕು ಮಹಾನಗರದಲ್ಲಿ ಯಾರೂ ಲೆಕ್ಕಕ್ಕಿಡದ ರಾತ್ರಿ ಕಾವಲಿನ ಕುಡುಕ ನಾಯಕ ವೈಮ್ಸ್ ಹಾಗೂ ಅವನ ಕೈಕೆಳಗಿನ ಬೆರಳೆಣಿಕೆಯ ಜನ, ಗುಪ್ತಕೂಟವೊಂದು ಮಂತ್ರದಿಂದ ಕರೆತಂದ ಬೆಂಕಿಯುಗುಳುವ ಡ್ರ್ಯಾಗನ್‌ಗೆ ಎದುರಾಗುವ ಕಥೆಯಿದು. ಬೇರೆಯವರ ಕಥೆಗಳಲ್ಲಿ ನಾಯಕನ ಕತ್ತಿಗೆ ಸಿಕ್ಕಿ ಸಾಯುವುದಕ್ಕೆಂದೇ ಬರುವ ಕಾವಲುಗಾರರನ್ನು ಇಲ್ಲಿ ಲೇಖಕರು ಮುಂದಕ್ಕೆ ಕರೆದು ಕೂರಿಸಿದ್ದಾರೆ. ಈ ಎಳೆಯ ಶಿಖರವೆಂದು ಅನೇಕರು ಹೊಗಳುವ 2002ರ ‘ನೈಟ್ ವಾಚ್’ ಕೃತಿಯನ್ನು ಆಸೆಗೆ ಬಿದ್ದು ಮೊದಲೇ ಓದಬೇಡಿ. ಅದರ ನೋವು ತಟ್ಟಬೇಕಾದರೆ ವೈಮ್ಸ್ ಹಳೆಯ ಪರಿಚಯದವನಾಗಿರಬೇಕು.

ಒಂದೇ ಪುಸ್ತಕದಲ್ಲಿ ರುಚಿ ನೋಡಬೇಕೆಂದಿದ್ದರೆ 1992ರ ‘ಸ್ಮಾಲ್ ಗಾಡ್ಸ್’ ಇದೆ. ಮಹಾದೇವನೊಬ್ಬ ದರ್ಪದಿಂದ ಧರೆಗಿಳಿಯಲು ಹೋಗಿ ಆಮೆಯಾಗಿಬಿಡುತ್ತಾನೆ. ಏಕೆಂದರೆ ಅವನ ಹೆಸರಿನ ಮಠಮಾನ್ಯಗಳಿಗೆ ಅಂಜುವವರು ನಾಡಿನ ತುಂಬ ಇದ್ದರೂ, ಅವನನ್ನು ನಿಜವಾಗಿ ನಂಬಿದವನು ಒಬ್ಬನೇ ಹುಡುಗ. 1987ರ ‘ಮಾರ್ಟ್’ ಕೂಡ ಒಳ್ಳೆಯ ಬಾಗಿಲೇ. ಅದರಲ್ಲಿ ಮೃತ್ಯು ತನಗೊಬ್ಬ ಶಿಷ್ಯನನ್ನು ನೇಮಿಸಿಕೊಳ್ಳುತ್ತಾನೆ. ಮೃತ್ಯುವಿನ ಮಾತೆಲ್ಲ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಅಚ್ಚಾಗಿರುತ್ತದೆ. ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವೇ ಇಲ್ಲದ ನಮ್ಮ ಲಿಪಿಗೆ ಆ ದನಿಯನ್ನು ತರುವುದು ಹೇಗೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಆಮೆಯ ಬೆನ್ನ ಮೇಲೆ ನಾಲ್ಕು ಆನೆಗಳು, ಆನೆಗಳ ಮೇಲೆ ತಟ್ಟೆಯಂತಹ ಭೂಮಿ ಎಂಬ ಈ ಲೋಕದ ಕಲ್ಪನೆ, ತಳದಲ್ಲಿ ಆನೆಗಳ ಸಾಲನ್ನೇ ಕೊರೆದ ಹಳೇಬೀಡಿನ ಗುಡಿಯಿರುವ ಜಿಲ್ಲೆಯವರಾದ ತಮಗೆ ವಿಚಿತ್ರವೆನಿಸಲಾರದು. ಅಷ್ಟದಿಗ್ಗಜಗಳಲ್ಲಿ ನಾಲ್ಕು ಎಲ್ಲಿ ಹೋದವೆಂದು ಮಗಳನ್ನು ಕೇಳಬಹುದು! ಆದರೆ ಅಡಿಟಿಪ್ಪಣಿಗಳನ್ನು ಮಾತ್ರ ದಾಟಿಸಿ ಓದಬೇಡಿ. ಪಠ್ಯಪುಸ್ತಕದಲ್ಲಿ ಅವು ಬೇಸರ ತರಬಹುದು, ಇಲ್ಲಿ ಅತ್ಯುತ್ತಮ ನಗೆ ಅಡಗಿರುವುದು ಎಷ್ಟೋ ಸಲ ಅಲ್ಲಿಯೇ.

ಪ್ರ್ಯಾಚೆಟ್ 2015ರ ಮಾರ್ಚ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಅವರ ಮರಣಾನಂತರ ಪ್ರಕಟವಾದ ‘ದ ಶೆಫರ್ಡ್ಸ್ ಕ್ರೌನ್’ ಕೊನೆಗೇ ಇರಲಿ. ಮಗಳು ತಂದ ಪುಸ್ತಕದ ಗುರುತುಚೀಟಿಯನ್ನು ತೆಗೆಯದೆ ಕಪಾಟಿನಲ್ಲಿಟ್ಟಿರಿ. ಕಾವಲು ಪಡೆಯ ಮೂರು ನಾಲ್ಕು ಕಾದಂಬರಿಗಳಾದ ಮೇಲೆ ಅದನ್ನು ಪುನಃ ತೆರೆದು, ಆ ನಗರ ಚಿಕ್ಕಂದಿನಲ್ಲಿ ಹೇಗಿತ್ತೆಂದು ನೋಡಬಹುದು.