ರಿಟರ್ನ್ ಫೈಲ್ ಆಯ್ತು ಅಂತ ಕ್ಲೈಂಟ್‌ಗೆ ಯಾವಾಗ ಹೇಳಬೇಕು?

ಅಪ್‌ಲೋಡ್ ಆದ ತಕ್ಷಣ ಬೇಡ, ಇ-ವೆರಿಫೈ ಆದ ಮೇಲೆ, ಅಂದರೆ ರಿಟರ್ನ್ ತಮ್ಮದೇ ಅಂತ ಕ್ಲೈಂಟ್ ಆನ್‌ಲೈನ್‌ನಲ್ಲಿ ದೃಢಪಡಿಸಿದ ಮೇಲೆ ಹೇಳಿ. ವೆರಿಫೈ ಆಗದ ರಿಟರ್ನನ್ನು ಆದಾಯ ತೆರಿಗೆ ಇಲಾಖೆ ಕೈಗೆತ್ತಿಕೊಳ್ಳುವುದೇ ಇಲ್ಲ. ಅಪ್‌ಲೋಡ್ ಆದ ಮೇಲೆ ವೆರಿಫೈ ಮಾಡಲು ಇರುವುದು 30 ದಿನ. ತಪ್ಪಿದರೆ, ವೆರಿಫೈ ಮಾಡಿದ ದಿನವೇ ಫೈಲ್ ಮಾಡಿದ ದಿನ ಅಂತ ಲೆಕ್ಕ. ಅಷ್ಟರಲ್ಲಿ ಗಡುವು ದಾಟಿದ್ದರೆ 5,000 ರೂಪಾಯಿವರೆಗೂ ಲೇಟ್ ಫೀ ಬೀಳಬಹುದು. ವೆರಿಫೈ ಮಾಡೋಕೆ ಆಧಾರ್ ಒಟಿಪಿ ಬರೋದು ಕ್ಲೈಂಟ್ ಫೋನಿಗೆ, ಅವರೋ ಆಗ ಮದುವೆ ಊಟಕ್ಕೆ ಕೂತಿರ್ತಾರೆ!

ನಾನು ಎರಡು ಮೆಸೇಜ್ ಕಳಿಸುತ್ತೇನೆ. ಮೊದಲನೆಯದು, "ವೆರಿಫೈ ಆಗಿದೆ, ಅಕ್ನಾಲೆಡ್ಜ್‌ಮೆಂಟ್ ಜೊತೆಗಿದೆ." ಎರಡನೆಯದು, ಬೆಂಗಳೂರಿನ ಸಿಪಿಸಿಯಿಂದ, ಅಂದರೆ ರಿಟರ್ನ್ ಪರಿಶೀಲಿಸುವ ಕೇಂದ್ರದಿಂದ, 143(1) ಇಂಟಿಮೇಶನ್ ಬಂದ ಮೇಲೆ. ನಮ್ಮ ಲೆಕ್ಕಕ್ಕೂ ಇಲಾಖೆಯ ಲೆಕ್ಕಕ್ಕೂ ತಾಳೆಯಾಯಿತಾ ಅನ್ನೋದು ಅದರಲ್ಲೇ ಗೊತ್ತಾಗುವುದು. ಮೊದಲ ಮೆಸೇಜ್‌ನಲ್ಲೇ ಸುಮ್ನೆ ರೀಫಂಡ್ ಆಸೆ ಹುಟ್ಟಿಸಬೇಡಿ.