ಕಲಾಕ್ಷೇತ್ರದ ಹಿಂದಿನ ಬಯಲು

ಪ್ರಶ್ನೆ: ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರಕ್ಕೆ ಬಂಗಾಳದ ಕವಿಯ ಹೆಸರೇಕೆ? ನಮ್ಮಲ್ಲಿ ನಾಟಕದವರು ಇರಲಿಲ್ಲವೇ?
– ತಿಪಟೂರಿನ ಓದುಗರು

ಉತ್ತರ: ಇದ್ದರು ಸ್ವಾಮಿ, ಬೇಕಾದಷ್ಟು ಜನ ಇದ್ದರು. ಗುಬ್ಬಿ ವೀರಣ್ಣನವರಂಥವರು ಕಣ್ಣೆದುರಿಗೇ ಇದ್ದರು. ಆದರೆ 1961ಕ್ಕೆ ಠಾಕೂರರು ಹುಟ್ಟಿ ನೂರು ವರ್ಷ ತುಂಬಿತು. ಆ ನೆಪದಲ್ಲಿ ಊರೂರಲ್ಲಿ ರಂಗಮಂದಿರ ಎದ್ದವು: ಹೈದರಾಬಾದಿನಲ್ಲಿ ರವೀಂದ್ರ ಭಾರತಿ, ಕಲ್ಕತ್ತೆಯಲ್ಲಿ ರವೀಂದ್ರ ಸದನ, ಚಂಡೀಗಢದಲ್ಲಿ ಟ್ಯಾಗೋರ್ ಥಿಯೇಟರ್. ನಮ್ಮದು ಬಾಗಿಲು ತೆರೆದದ್ದು 1963ರಲ್ಲಿ. ಕವಿಗೂ ಈ ಊರಿಗೂ ನಂಟೇ ಇಲ್ಲ ಅನ್ನಬೇಡಿ. ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಬ್ರಜೇಂದ್ರನಾಥ ಸೀಲರು ಅವರ ಗೆಳೆಯರು. 1928ರಲ್ಲಿ ಕವಿ ಬೆಂಗಳೂರಿಗೆ ಬಂದು ಬಾಲಬ್ರೂಯಿ ಅತಿಥಿಗೃಹದಲ್ಲಿ ತಂಗಿದ್ದರು.

ಪ್ರಶ್ನೆ: 1972ರ ಬಯಲು ನಾಟಕಗಳ ಸುದ್ದಿಯನ್ನು ನಮ್ಮ ತಂದೆ ಈಗಲೂ ಎತ್ತುತ್ತಾರೆ. ಅಷ್ಟು ದೊಡ್ಡ ಸಭಾಂಗಣ ಇದ್ದೂ ಹೊರಗೇಕೆ ಆಡಿದರು?
– ದಾವಣಗೆರೆಯ ಓದುಗರು

ಉತ್ತರ: ನಿಮ್ಮ ತಂದೆಯವರನ್ನು ಕೂರಿಸಿಕೊಂಡು ಇನ್ನಷ್ಟು ಕೇಳಿ. ನನ್ನನ್ನು ಕೇಳಿದರೆ, ಕಲಾಕ್ಷೇತ್ರದ ನಿಜವಾದ ಚರಿತ್ರೆ ನಡೆದದ್ದು ಕಟ್ಟಡದ ಒಳಗಲ್ಲ, ಬೆನ್ನಿಗೆ.

ಬಿ.ವಿ. ಕಾರಂತರು ಆ ವರ್ಷ ಅಲ್ಲಿ ಮೂರು ನಾಟಕ ಆಡಿಸಿದರು. ಕಂಬಾರರ ‘ಜೋಕುಮಾರಸ್ವಾಮಿ’, ಲಂಕೇಶರ ‘ಸಂಕ್ರಾಂತಿ’, ಲಂಕೇಶರೇ ಕನ್ನಡಕ್ಕೆ ತಂದ ಗ್ರೀಕ್ ನಾಟಕ ‘ಈಡಿಪಸ್’. ಮೂರರಲ್ಲೂ ಊರಿಗೆ ಊರೇ ಬೇಕು. ಒಂದರಲ್ಲಿ ಗೌಡನ ಹಳ್ಳಿ, ಒಂದರಲ್ಲಿ ಬಿಜ್ಜಳನ ಕಲ್ಯಾಣ, ಇನ್ನೊಂದರಲ್ಲಿ ಪಿಡುಗಿಗೆ ಸಿಕ್ಕ ಥೀಬ್ಸ್. ಚೌಕಟ್ಟಿನ ರಂಗದಲ್ಲಿ ಆಡಿದರೆ ಜನಜಂಗುಳಿ ಪರದೆಯ ಮೇಲಿನ ಚಿತ್ರವಾಗಿಬಿಡುತ್ತದೆ. ನಾವು ಕತ್ತಲಲ್ಲಿ, ಕುರ್ಚಿಯಲ್ಲಿ, ಕ್ಷೇಮವಾಗಿ ಕೂತಿರುತ್ತೇವೆ. ಬಯಲಿನಲ್ಲಿ ಹಾಗಾಗುವುದಿಲ್ಲ. ಮೇಳದವರಿಗೂ ನಮಗೂ ಒಂದೇ ಆಕಾಶ.

ಇದನ್ನು ಹೊಸ ಅಲೆ ಎಂದು ಬರೆದವರು ಬಹಳ. ನಾನು ಅಷ್ಟು ದೂರ ಹೋಗಲಾರೆ. ಕಾರಂತರು ಹುಡುಗನಾಗಿದ್ದಾಗಲೇ ಮನೆಬಿಟ್ಟು ಗುಬ್ಬಿ ಕಂಪನಿ ಸೇರಿದವರು; ಮುಂದೆ ಕಾಶಿಯಲ್ಲಿ ಓದಿ, ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲೂ ಕಲಿತವರು. ಕಂಪನಿಯ ಹಾಡು, ಬಯಲಾಟದ ಕುಣಿತ, ಶಾಲೆಯಲ್ಲಿ ಕಲಿತ ಶಿಸ್ತು, ಮೂರೂ ಅವರ ಕೈಯಲ್ಲಿ ಒಂದಾದವು. ಹಳ್ಳಿಯವರಿಗೆ ಬಯಲು ಹೊಸದೇನಲ್ಲ. ಹೊಸದಾಗಿ ಕಂಡದ್ದು ಟಿಕೆಟ್ ಕೊಂಡು ಕುರ್ಚಿಯಲ್ಲಿ ಕೂರುವುದಕ್ಕೆ ಒಗ್ಗಿಹೋಗಿದ್ದ ಪೇಟೆಯ ನಮಗೆ.

ಒಂದು ತೊಡಕೂ ಉಂಟು. ಜೆ.ಸಿ. ರಸ್ತೆ ಕೂಗಳತೆಯಲ್ಲಿದೆ. ನಾಯಕ ಸಾಯುವ ಹೊತ್ತಿಗೆ ಸರಿಯಾಗಿ ಬಸ್ಸು ಹಾರನ್ ಹೊಡೆದದ್ದನ್ನು ನಾನೇ ಕೇಳಿದ್ದೇನೆ. ಸತ್ತವನ ರೆಪ್ಪೆ ಅಲುಗಿದ್ದನ್ನೂ ನೋಡಿದ್ದೇನೆ.

ಪ್ರಶ್ನೆ: ಆ ಬಯಲು ರಂಗಮಂದಿರಕ್ಕೆ ಇಟ್ಟಿರುವ ‘ಸಂಸ’ ಎಂಬ ಹೆಸರು ಯಾವುದೋ ಸಂಘದ್ದೇ?
– ಹೊಸಪೇಟೆಯ ವಿದ್ಯಾರ್ಥಿನಿ

ಉತ್ತರ: ಅಲ್ಲಮ್ಮ, ನಾಟಕಕಾರನ ಕಾವ್ಯನಾಮ. ಹುಟ್ಟಿದ್ದು 1898ರಲ್ಲಿ, ಯಳಂದೂರು ಸೀಮೆಯ ಅಗರದಲ್ಲಿ. ಮೈಸೂರು ಅರಸರ ಚರಿತ್ರೆಯನ್ನು ಹಳಗನ್ನಡದ ಗತ್ತಿನಲ್ಲಿ ನಾಟಕವಾಗಿಸಿದವರು. ‘ವಿಗಡ ವಿಕ್ರಮರಾಯ’ ಓದಿ ನೋಡು, ಮೊದಲ ಪುಟ ದಾಟಲು ಸ್ವಲ್ಪ ಹಟ ಬೇಕು. ಪೊಲೀಸರು ಬೆನ್ನು ಹತ್ತಿದ್ದಾರೆಂಬ ಭಯದಲ್ಲಿ ಊರೂರು ಅಲೆದು, 1939ರಲ್ಲಿ ತಾವೇ ಪ್ರಾಣ ಕಳೆದುಕೊಂಡರು. ನಮ್ಮ ಕೈಗೆ ಉಳಿದಿರುವುದು ಆರು ನಾಟಕ. ತಲೆಯ ಮೇಲೊಂದು ಸೂರಿಲ್ಲದೆ ತಿರುಗಿದ ಮನುಷ್ಯನ ಹೆಸರನ್ನು ಸೂರಿಲ್ಲದ ರಂಗಮಂದಿರಕ್ಕೆ ಇಟ್ಟಿದ್ದಾರೆ. ಇಟ್ಟವರಿಗೆ ಅದು ಹೊಳೆದಿತ್ತೋ ಇಲ್ಲವೋ.

ಪ್ರಶ್ನೆ: ಕಲಾಕ್ಷೇತ್ರದ ಒಳಗೆ ಎಲ್ಲಿ ಕೂತರೆ ನಾಟಕ ಚೆನ್ನಾಗಿ ಕಾಣುತ್ತದೆ?
– ತುಮಕೂರಿನ ಓದುಗರು

ಉತ್ತರ: ಉದ್ಘಾಟನೆ ಇರುವ ದಿನ ಹಿಂದೆ ಕೂತಿರಿ. ಭಾಷಣ ಮುಗಿದು ನಾಟಕ ಶುರುವಾಗುವ ಹೊತ್ತಿಗೆ ಗಣ್ಯರು ಎದ್ದು ಹೋಗುತ್ತಾರೆ, ಮುಂದಿನ ಎರಡು ಸಾಲು ಖಾಲಿಯಾಗುತ್ತವೆ. ಆಗ ಬೇಗ ಎದ್ದು ಬನ್ನಿ.